ಒಂಬತ್ತನೇ ನಂಬರಿನ ಬಾಟಲಿ

ಇದನ್ನು ಬರೆಯುವುದನ್ನು ನಾನು ಬಹಳ ವರ್ಷ ಮುಂದೂಡಿದೆ. ಮೊದಲು ನೌಕರಿ ಮುಗಿಯಲಿ ಎಂದೆ. ನೌಕರಿ ಮುಗಿದ ಮೇಲೆ, ನಮ್ಮ ಡಾಕ್ಟರರು ಇರುವ ತನಕ ಬೇಡ ಎಂದೆ. ಅವರೂ ಹೋದ ಮೇಲೆ ನನ್ನ ಬಳಿ ನೆವ ಉಳಿಯಲಿಲ್ಲ. ಈಚೆಗೆ ಕಣ್ಣಿನ ಪೊರೆ ತೆಗೆಸಿಕೊಂಡಿದ್ದೇನೆ. ಅಕ್ಷರ ಚೆನ್ನಾಗಿ ಕಾಣುತ್ತಿವೆ. ಕಾಣುವಾಗಲೇ ಬರೆದುಬಿಡುತ್ತೇನೆ.

ಒಂದು ಮಾತು ಮೊದಲೇ ಹೇಳಬೇಕು. ದೆವ್ವ, ಮಾಟ, ಪವಾಡಗಳನ್ನು ನಂಬುವವನು ನಾನಲ್ಲ. ಯಾರಾದರೂ ಇಂಥ ಸುದ್ದಿ ತಂದರೆ, ಆ ಹೊತ್ತಿನಲ್ಲಿ ಅಲ್ಲಿ ಯಾರ್ಯಾರಿದ್ದರು ಎಂದು ಮೊದಲು ಕೇಳುತ್ತಿದ್ದೆ. ವಿಚಿತ್ರದ ಹಿಂದೆ ಯಾರದೋ ಕೈ ಇರಲೇಬೇಕು ಎಂಬುದು ನನ್ನ ಖಾತ್ರಿ. ಮನುಷ್ಯರ ಮೇಲೆ ಸಂಶಯ ಪಡುವುದು ನನಗೆ ಯಾವಾಗಲೂ ಸುಲಭವಾಗಿತ್ತು.

ಜಮಖಂಡಿಯ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಲ್ಯಾಬಿನ ಕೆಲಸಕ್ಕಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ಮಿರಜಿನಲ್ಲಿ ಆರು ತಿಂಗಳು ಒಬ್ಬರ ಕೈಕೆಳಗಿದ್ದು ರಕ್ತ, ಮೂತ್ರ, ಕಫ ನೋಡುವುದನ್ನು ಕಲಿತಿದ್ದೆ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಡಾಕ್ಟರರು ಹೊಸತನ್ನು ಓದುತ್ತಿದ್ದವರು. ರಕ್ತದ ಕಲ್ಚರ್ ನಮ್ಮಲ್ಲೇ ಆಗಬೇಕೆಂದು ಹಟ ಹಿಡಿದಿದ್ದರು. ಜ್ವರ ಇಳಿಯದ ರೋಗಿಯ ರಕ್ತವನ್ನು ಮಾಂಸದ ಸಾರಿನಂಥ ದ್ರವವಿರುವ ಬಾಟಲಿಗೆ ಹಾಕಿ, ಮೈಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿಟ್ಟು ಕಾಯುವುದು. ರಕ್ತದಲ್ಲಿ ರೋಗದ ಜೀವಾಣು ಇದ್ದರೆ ಎರಡು ದಿನಕ್ಕೋ ವಾರಕ್ಕೋ ಬಾಟಲಿ ಕದಡುತ್ತದೆ. ಯಾವ ಜೀವಾಣು ಎಂದು ತಿಳಿದರೆ ಔಷಧ ಯಾವುದು ಎಂದು ತಿಳಿಯುತ್ತದೆ.

ಅಂಥ ಬಾಟಲಿಗಳು ನಮ್ಮಲ್ಲಿ ಹನ್ನೆರಡು ಇದ್ದವು. ದಪ್ಪ ಗಾಜಿನವು, ರಬ್ಬರ್ ಮುಚ್ಚಳದವು. ಬಳಸಿದ್ದನ್ನು ಕುದಿಸಿ ತೊಳೆದು ಮತ್ತೆ ಬಳಸುತ್ತಿದ್ದೆವು. ಇಂಜೆಕ್ಷನ್ನಿನ ಗಾಜು ಕೊರೆಯುವ ಸಣ್ಣ ಅರದಿಂದ ಪ್ರತಿಯೊಂದರ ತಳದಲ್ಲೂ ನಾನೇ ಕನ್ನಡ ಅಂಕಿ ಕೊರೆದಿದ್ದೆ. ಒಂಬತ್ತನ್ನು ಕೊರೆಯುವಾಗ ಅರ ಜಾರಿ, ಅಂಕಿಯ ಬಾಲ ಅಂಚಿನ ತನಕ ಉದ್ದಕ್ಕೆ ಗೀಚಿಹೋಗಿತ್ತು.

ಪೆಟ್ಟಿಗೆಗೆ ಮೊದಲು ಬೀಗ ಇರಲಿಲ್ಲ. ಒಂದು ಚಳಿಗಾಲದಲ್ಲಿ ವಾರ್ಡಿನ ಸಿಸ್ಟರ್ ಒಬ್ಬರು ಅದರಲ್ಲಿ ಹಾಲಿಗೆ ಹೆಪ್ಪು ಹಾಕಿ ಇಟ್ಟದ್ದನ್ನು ಹಿಡಿದೆ. "ಸಿಟ್ಟಿಗೆ ಯಾಕ ಬರತೀರಿ, ಮೊಸರ ಗಡ್ಡಿಗಟ್ಟಿ ಆಗತೈತಿ, ನಿಮಗೂ ಒಂದ ವಾಟಿ ಕೊಡತೇನಿ" ಎಂದು ನಕ್ಕುಬಿಟ್ಟರು. ಮರುದಿನವೇ ಬೀಗ ಹಾಕಿದೆ. ಕೀಲಿಕೈ ಒಂದೇ. ಅದು ನನ್ನ ಉಡದಾರದಲ್ಲಿ ಇರುತ್ತಿತ್ತು.

ಬಾಟಲಿ ತೊಳೆಯಲು ಬನಹಟ್ಟಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳು. ನೇಕಾರರ ಮನೆಯವಳು. ನಸುಕಿನಲ್ಲಿ ಮನೆಯವರ ಜೊತೆ ನೂಲಿಗೆ ಗಂಜಿ ಹಚ್ಚಿ, ಕೈ ತೊಳೆದುಕೊಂಡು ಬಸ್ಸು ಹಿಡಿಯುವವಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಾದರೂ ನನ್ನನ್ನು ಅಣ್ಣಾರ ಎನ್ನುತ್ತಿದ್ದಳು. ಓದುಬರಹ ಇರಲಿಲ್ಲ, ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಎಷ್ಟು ತೊಳೆದರೂ ಆಕೆಯ ಉಗುರಿನ ಸಂದಿಯಲ್ಲಿ ಒಣಗಿದ ಗಂಜಿ ಬೆಳ್ಳಗೆ ಕಾಣುತ್ತಿತ್ತು. ಅದನ್ನು ಕಂಡಾಗಲೆಲ್ಲ, ಈ ಕೈಯಿಂದ ನನ್ನ ಬಾಟಲಿಗಳು ಕೆಡುತ್ತವೆ ಎಂಬ ಗುಮಾನಿ ನನಗೆ.

ದೀಪಾವಳಿಗೆ ಮುಂಚೆ ಒಂದು ಸೋಮವಾರ ಆಕೆಯ ಬಸ್ಸು ತಡವಾಗಿತ್ತು. ನಾನೇ ತೊಳೆಯಲು ಹೋದೆ. ಒಂಬತ್ತನೇ ಬಾಟಲಿ ಕೈಜಾರಿ ನಲ್ಲಿಗೆ ಬಡಿದು ಒಡೆಯಿತು. ಬಲಗೈ ಹೆಬ್ಬೆರಳು ಸೀಳಿತು. ಚೂರುಗಳನ್ನು ಕಾಗದದಲ್ಲಿ ಸುತ್ತಿ, ದವಾಖಾನೆಯ ಹಿಂದಿನ ಬೇವಿನ ಬುಡದಲ್ಲಿ ಹುಗಿದೆ. ಮಿರಜಿನಿಂದ ತರಿಸಿದ ಬಾಟಲಿಗಳೆಂದರೆ ಡಾಕ್ಟರರಿಗೆ ಜೀವ. ಸಂಜೆ ಹನ್ನೊಂದೇ ಬಾಟಲಿ ಕಂಡು ಕೇಳಿದರು. ನಾನು ಆಕೆ ಒಡೆದಳು ಎಂದೆ.

ಆಕೆಯನ್ನು ಕರೆಸಿ ಬೈದರು. ಆಕೆ ನನ್ನ ಹೆಬ್ಬೆರಳಿನ ಪಟ್ಟಿಯನ್ನು ಒಂದು ಸಲ ನೋಡಿದಳು. "ಆತ್ರಿ ಸಾಹೇಬ್ರ, ಇನ್ನ ಮ್ಯಾಲ ಜ್ವಾಕಿ ಮಾಡತೇನಿ" ಎಂದು ಹೊರಟುಹೋದಳು. ಅವತ್ತಿನಿಂದ ನಾನು ಆಕೆಯನ್ನು ಇನ್ನೂ ಹೆಚ್ಚು ಸಂಶಯದಿಂದ ನೋಡತೊಡಗಿದೆ. ಯಾರ ಮೇಲೆ ಸುಳ್ಳು ಹೇಳಿದ್ದೇವೋ ಅವರನ್ನೇ ನಂಬಲು ಆಗುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ.

ಆ ಚಳಿಗಾಲದಲ್ಲಿ ಹುನ್ನೂರಿನ ಮಾಸ್ತರರೊಬ್ಬರು ಬಂದು ಸೇರಿದರು. ಮೂವತ್ತೈದರ ಆಸುಪಾಸು. ಚಿಕ್ಕಂದಿನ ಕೀಲುನೋವಿನ ಜ್ವರದಿಂದ ಹೃದಯದ ಒಂದು ಕವಾಟ ಕೆಟ್ಟಿತ್ತು. ಎರಡು ವರ್ಷದ ಹಿಂದೆ ದೂರದ ಊರಿಗೆ ಹೋಗಿ ಲೋಹದ ಕವಾಟ ಹಾಕಿಸಿಕೊಂಡು ಬಂದಿದ್ದರು. ಈ ಸಲ ಬೇರೆ ಏನೋ ಕಾಯಿಲೆಗೆ ಮುಧೋಳದಲ್ಲಿ ಮೂರು ವಾರ ಸಲಾಯಿನ್ ಹಚ್ಚಿಸಿಕೊಂಡು, ಬಲವಾದ ಔಷಧ ತೆಗೆದುಕೊಂಡಿದ್ದರಂತೆ. ಆ ಕಾಯಿಲೆ ಹೋಯಿತು. ಆಮೇಲೆ ಹತ್ತಿದ ಜ್ವರ ಹೋಗಲಿಲ್ಲ.

ಅವರ ಹೆಂಡತಿ ಹೇಳಿದ ಮಾತು ಇವತ್ತಿಗೂ ನೆನಪಿದೆ. "ಮೊದಲ ಇವರ ಎದಿ ಗಡಿಯಾರದಂಗ ಟಿಕ್ ಟಿಕ್ ಅಂತಿತ್ರಿ. ಹುಡುಗೂರು ಅದನ್ನ ಕೇಳಕೋತ ಮಲಗತಿದ್ವು. ಈಗ ಹದಿನೈದ ದಿನ ಆತು, ಗಡಿಯಾರಕ್ಕ ಅರಿವಿ ಸುತ್ತಿದಂಗ ಕೇಳತೈತಿ."

ಡಾಕ್ಟರರು ಎದೆಗೆ ಕಿವಿಗೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಹೊರಗೆ ಬಂದು ನನಗೆ ಹೇಳಿದರು: "ಆಕಿ ಹೇಳಿದ್ದ ಖರೇ ಐತಿ. ಕವಾಟದ ಮ್ಯಾಲ ಏನೋ ಬೆಳದೈತಿ. ಏನಂತ ನಿನ್ನ ಬಾಟಲಿನ ಹೇಳಬೇಕು. ಅದು ತಪ್ಪಿದರ ಮನಶ್ಯಾ ಉಳಿಯೂದಿಲ್ಲ."

ಎರಡು ದಿನದಲ್ಲಿ ಎರಡು ಸಲ, ಎರಡು ಕೈಯಿಂದ ರಕ್ತ ತೆಗೆದೆ. ನಾಲ್ಕನೇ ಬಾಟಲಿ, ಏಳನೇ ಬಾಟಲಿ. ಸಾಮಾನ್ಯ ಜೀವಾಣುವಿಗೆ ಕೊಡುವ ಔಷಧ ಶುರುವಾಯಿತು. ಐದನೇ ದಿನ ಎರಡೂ ಬಾಟಲಿಗಳ ತಳದಲ್ಲಿ ಬಿಳಿಯ ಅರಳೆಯಂಥ ಚೂರುಗಳು ಕಂಡವು. ಮುಚ್ಚಳ ತೆಗೆದು ಒಂದು ಹನಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ನಾನು ನೋಡಿ ಬಲ್ಲ ಜೀವಾಣುಗಳಿಗಿಂತ ಎಷ್ಟೋ ದೊಡ್ಡವು, ಮೊಟ್ಟೆಯ ಆಕಾರದವು. ಕೆಲವು ಪಕ್ಕದಲ್ಲಿ ಒಂದು ಸಣ್ಣ ಮರಿ ಅಂಟಿಸಿಕೊಂಡಿದ್ದವು, ಸೊಂಟದ ಮೇಲೆ ಕೂಸು ಕೂರಿಸಿಕೊಂಡಂತೆ. ಬೂಷ್ಟು. ಹಳಸಿದ ಗಂಜಿಯಲ್ಲಿ ಇಂಥದ್ದು ಬೆಳೆಯುತ್ತದೆ ಎಂದು ಮಿರಜಿನಲ್ಲಿ ಕಲಿಸಿದವರು ಒಮ್ಮೆ ತೋರಿಸಿದ್ದರು. ಗಂಜಿ ಎಂದ ಕೂಡಲೇ ನನಗೆ ಆಕೆಯ ಉಗುರು ನೆನಪಾಯಿತು.

ಆಕೆ ಅಲ್ಲೇ ಬುಟ್ಟಿ ಹಿಡಿದು ನಿಂತಿದ್ದಳು. ಬೈದೆ. ಮನೆಯ ಹೊಲಸನ್ನೆಲ್ಲ ಇಲ್ಲಿಗೆ ತರುತ್ತೀ ಎಂದೆ. ಆಕೆ ಬಾಟಲಿಯ ಬಾಯಿಗೆ ಮೂಗು ತಂದು ಮೂಸಿದಳು.

"ಅಣ್ಣಾರ, ಇದು ಗಂಜಿ ಅಲ್ರಿ. ಗಂಜಿ ಕೆಟ್ಟರ ಹುಳಿ ನಾತ ಬರತೈತಿ, ಹುಟ್ಟಿದಾಗಿಂದ ಮೂಸೇನಿ. ಇದು ಹೆಂಡ ಉಕ್ಕಿದಂಗ ನಾರತೈತಿ."

"ಮೂಗಿನಾಗ ಲ್ಯಾಬ್ ಇಟ್ಟೀ ಏನ?"

"ಇರ್ಲಿ ಬಿಡ್ರಿ. ನನ್ನ ಕೈಲಿಂದ ಬಂದಿದ್ದರ ಉಳದ ಬಾಟಲಿನ್ಯಾಗ ಯಾಕ ಬರಲಿಲ್ಲ? ಎಲ್ಲಾ ನಾನ ತೊಳದೇನಲ್ರಿ. ಮಾಸ್ತರವು ಎರಡ ಯಾಕ ಹಿಂಗಾದ್ವು?"

"ಡಾಕ್ಟರಕಿ ಕಲಿ ಹೋಗು, ಮಿರಜಿನ್ಯಾಗ ಸೀಟ ಖಾಲಿ ಅದಾವಂತ" ಎಂದೆ.

"ಸೀಟ ಬ್ಯಾಡ್ರಿ, ನಾ ನಿಂತ ಹೇಳತೇನಿ. ಮಾಸ್ತರ ಹೆಂಡತಿ ಮಾರಿ ನೋಡಿ ಬರೀರಿ" ಎಂದು ಬುಟ್ಟಿ ಎತ್ತಿಕೊಂಡು ಹೋದಳು.

ನಾನು ಯಾರ ಮುಖವನ್ನೂ ನೋಡಲಿಲ್ಲ. ಹಿಂದಿನ ತಿಂಗಳು ಎರಡು ಬಾಟಲಿ ಹೊರಗಿನ ಹೊಲಸು ಸೇರಿ ಕೆಟ್ಟಾಗ, ಇನ್ನೊಮ್ಮೆ ಹೀಗಾದರೆ ನಿನ್ನ ಜಾಗಕ್ಕೆ ಬೇರೆಯವರನ್ನು ನೋಡುತ್ತೇನೆ ಎಂದು ಡಾಕ್ಟರರು ಹೇಳಿದ್ದರು. ಬೂಷ್ಟು ಎಂದು ಬರೆದರೆ ಬಾಟಲಿ ಕೆಟ್ಟದ್ದನ್ನು ಒಪ್ಪಿಕೊಂಡಂತೆ. ರಿಪೋರ್ಟಿನ ಕಾಗದದಲ್ಲಿ ಎರಡು ಬಾಟಲಿಗೂ "ಬೆಳವಣಿಗೆ ಇಲ್ಲ" ಎಂದು ಬರೆದೆ. ಎರಡೂ ಬಾಟಲಿಗಳನ್ನು ಕುದಿಸಿ, ಚೆಲ್ಲಿ, ತೊಳೆಯಲು ಕೊಟ್ಟೆ. ಅವನ್ನು ತೊಳೆದು ಹಲಗೆಯ ಮೇಲೆ ಬೋರಲು ಹಾಕಿದ್ದನ್ನು ಕಣ್ಣಾರೆ ನೋಡಿದೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂಬುದು ಮುಂದೆ ತಿಳಿಯುತ್ತದೆ.

ಒಂಬತ್ತು ದಿನ ಕಳೆದವು. ಡಾಕ್ಟರರು ನನ್ನ ಕಾಗದವನ್ನು ನಂಬಿ ಅದೇ ಔಷಧ ನಡೆಸಿದರು. ಬೂಷ್ಟಿಗೆ ಆ ಔಷಧ ಏನೂ ಮಾಡುವುದಿಲ್ಲ. ಮಾಸ್ತರರು ದಿನದಿನಕ್ಕೆ ಇಳಿಯುತ್ತಿದ್ದರು.

ಹತ್ತನೇ ದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಪೆಟ್ಟಿಗೆಯ ಬೀಗ ತೆಗೆದೆ. ಹಿಂದಿನ ಸಂಜೆ ಬೀಗ ಹಾಕುವಾಗ ಒಳಗೆ ಬೇರೆ ರೋಗಿಗಳ ಮೂರು ಬಾಟಲಿಗಳಿದ್ದವು. ಈಗ ನಾಲ್ಕು.

ಹೆಚ್ಚಾಗಿದ್ದ ಬಾಟಲಿಯ ಮೇಲೆ ಎಂದಿನಂತೆ ಬಿಳಿ ಪಟ್ಟಿ ಅಂಟಿಸಿತ್ತು. ಮಾಸ್ತರರ ಹೆಸರು, ಕಾಟಿನ ನಂಬರು, ಕೆಳಗೆ "ಮೂರನೇ ಸಲ" ಎಂದು. ಅಕ್ಷರ ನನ್ನವು. ನಾನು ಬರೆಯುವ ರ ಅಕ್ಷರದ ತಲೆ ಸದಾ ಎಡಕ್ಕೆ ವಾಲುತ್ತದೆ, ಅಲ್ಲಿಯೂ ವಾಲಿತ್ತು. ತಳದಲ್ಲಿ ಬಿಳಿಯ ಅರಳೆ ಕೂತಿತ್ತು. ಬೆಳಕಿಗೆ ಎತ್ತಿ ಹಿಡಿದು ತಳ ನೋಡಿದೆ. ಒಂಬತ್ತು. ಬಾಲ ಅಂಚಿನ ತನಕ ಗೀಚಿಹೋಗಿತ್ತು.

ಆಗ ಏನಾಯಿತು ಎಂದು ಕೇಳಿದರೆ, ಏನೂ ಆಗಲಿಲ್ಲ. ಗಾಳಿ ಬೀಸಲಿಲ್ಲ, ದೀಪ ಆರಲಿಲ್ಲ. ಹೊರಗೆ ಸಾವಳಗಿಯ ಬಸ್ಸು ಹಾರ್ನ್ ಬಾರಿಸುತ್ತಿತ್ತು. ಬಾಟಲಿ ಪೆಟ್ಟಿಗೆಯ ಬಿಸಿಗೆ ಬೆಚ್ಚಗಿತ್ತು. ನನ್ನ ಹೆಬ್ಬೆರಳು ಅಂಕಿಯ ಬಾಲದ ಮೇಲಿತ್ತು, ಆ ಬೆರಳಿನಲ್ಲಿ ಅದೇ ಬಾಟಲಿ ಕೊಯ್ದ ಗಾಯದ ಗುರುತು. ಅದು ಒಡೆದಿದೆ ಎಂದು ದವಾಖಾನೆಯವರು ಕೇಳಿ ನಂಬಿದ್ದರು. ಒಡೆದ ನನ್ನ ಕೈಗೆ ಅದು ಖಾತ್ರಿಯಾಗಿ ಗೊತ್ತಿತ್ತು.

ಅಷ್ಟರಲ್ಲಿ ಡಾಕ್ಟರರು ಓಡುತ್ತ ಬಂದರು. ಮಾಸ್ತರರ ಎಡಗಾಲು ಇದ್ದಕ್ಕಿದ್ದಂತೆ ಬೆಳ್ಳಗೆ ತಣ್ಣಗಾಗಿತ್ತು, ಪಾದದಲ್ಲಿ ನಾಡಿ ಸಿಗುತ್ತಿರಲಿಲ್ಲ. ಕವಾಟದ ಮೇಲಿನಿಂದ ಒಂದು ಚೂರು ಹರಿದು ಕಾಲಿನ ನಾಳಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ರಕ್ತದ ಗುಂಪು ನೋಡು ಎನ್ನಲು ಬಂದವರು ನನ್ನ ಕೈಯಲ್ಲಿದ್ದ ಬಾಟಲಿ ನೋಡಿ ನಿಂತರು. ಪಟ್ಟಿ ಓದಿದರು. ತಾವೇ ಒಂದು ಹನಿ ತೆಗೆದು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಇದು ಬೂಷ್ಟ. ನೀ ಬೆಳವಣಿಗಿ ಇಲ್ಲ ಅಂತ ಬರದೀ. ಇದನ್ನ ಯಾವಾಗ ತಗೊಂಡಿ?"

"ನಾ ತಗೊಂಡಿಲ್ರಿ" ಎಂದೆ. ಅದು ಆ ದಿನ ನಾನು ಹೇಳಿದ ಕೊನೆಯ ಖರೇ ಮಾತು. ಬಾಗಿಲಲ್ಲಿ ಆಕೆ ಬುಟ್ಟಿಯೊಡನೆ ಬಂದು ನಿಂತದ್ದು ಕಂಡಿತು. ಬಾಟಲಿಯ ತಳ ತಿರುಗಿಸಿ ಡಾಕ್ಟರರಿಗೆ ತೋರಿಸಿದೆ. "ನೋಡ್ರಿ ಸಾಹೇಬ್ರ, ಒಂಬತ್ತನೇದು. ಇದನ್ನ ಒಡದಿಲ್ಲ ಆಕಿ, ಮುಚ್ಚಿಟ್ಟಿದ್ಲು. ನನ್ನ ಮ್ಯಾಲಿನ ಸಿಟ್ಟಿಗೆ ಗಂಜಿ ಹಾಕಿ ತಂದ ಇಟ್ಟಾಳ."

"ಕೀಲಿ?"

"ನಿನ್ನಿ ಹಾಕೂದ ಮರತಿದ್ನಿ."

ಡಾಕ್ಟರರು ಆಕೆಯನ್ನು ನೋಡಿದರು. ಆಕೆ ಬುಟ್ಟಿ ಕೆಳಗಿಟ್ಟಳು. "ನಾ ಮುಟ್ಟಿಲ್ರಿ. ಆ ಬಾಟಲಿ ಒಡದದ್ದು ಖರೇ ಐತ್ರಿ. ಯಾರ ಕೈಯಾಗ ಒಡೀತು ಅಂತ ಅಣ್ಣಾರನ್ನ ಕೇಳ್ರಿ."

ಅವರು ನನ್ನತ್ತ ತಿರುಗಿದರು. ನಾನು "ನನಗೇನ ಗೊತ್ತರಿ" ಎಂದೆ.

ಅವರಿಗೆ ವಿಚಾರಿಸಲು ಪುರಸೊತ್ತಿರಲಿಲ್ಲ. ಆಕೆಗೆ "ನಾಳಿಂದ ಬರಬ್ಯಾಡ" ಎಂದರು. ಬಾಟಲಿಯನ್ನು ಹತ್ತಿಯಲ್ಲಿ ಸುತ್ತುತ್ತ ನನಗೆ ಹೇಳಿದರು: "ಗಂಜಿ ಇದ್ದರೂ ಇರವಲ್ದ್ಯಾಕ, ನನಗ ಸಂಶೆ ಬಂತು. ಇಷ್ಟ ದೊಡ್ಡ ನಾಳ ಮುಚ್ಚಬೇಕಾದರ ದೊಡ್ಡ ಗಡ್ಡಿನ ಹರದಿರಬೇಕು. ಬೂಷ್ಟ ಹಂಗ ಬೆಳೀತೈತಿ. ಮುಧೋಳದಾಗ ಕೊಟ್ಟ ಔಷಧಕ್ಕ ಉಳದ ಹುಳಾ ಎಲ್ಲಾ ಸತ್ತಾವು, ಖಾಲಿ ಹೊಲದಾಗ ಕಸಾ ಬೆಳದಂಗ ಇದು ಬೆಳದೈತಿ." ಬಾಡಿಗೆ ಮೋಟಾರು ತರಿಸಿ, ಚೀಟಿ ಬರೆದು, ಬಾಟಲಿಯನ್ನೂ ಜೊತೆಗೆ ಕೊಟ್ಟು ಮಾಸ್ತರರನ್ನು ಮಿರಜಿಗೆ ಕಳಿಸಿದರು.

ಅಲ್ಲಿ ಕಾಲಿನ ನಾಳ ಕೊಯ್ದು ಗಡ್ಡೆ ತೆಗೆದರು. ಅದನ್ನು ಪರೀಕ್ಷಿಸಿದಾಗ ಬರೀ ಬೂಷ್ಟಿನ ಎಳೆಗಳು. ಚೀಟಿ ನೋಡಿದ್ದರಿಂದಲೇ ಅದನ್ನು ಹುಡುಕಿದೆವು ಎಂದು ಅಲ್ಲಿನವರು ನಮ್ಮ ಡಾಕ್ಟರರಿಗೆ ಬರೆದರು. ಮುಂಬಯಿಯಿಂದ ಆಂಫೋಟೆರಿಸಿನ್ ಎಂಬ ಹಳದಿ ಔಷಧ ತರಿಸಿದರು. ಅದನ್ನು ಥಂಡಿಯಲ್ಲಿ ಇಡಬೇಕು, ಗ್ಲೂಕೋಸಿನಲ್ಲಿಯೇ ಬೆರೆಸಬೇಕು, ಉಪ್ಪಿನ ಸಲಾಯಿನ್ನಿನಲ್ಲಿ ಹಾಕಿದರೆ ಹಾಲಿನಂತೆ ಒಡೆಯುತ್ತದೆ. ಬಾಟಲಿಗೆ ಕಪ್ಪು ಕಾಗದ ಸುತ್ತಿ ಗಂಟೆಗಟ್ಟಲೆ ಹನಿಹನಿಯಾಗಿ ಬಿಡುತ್ತಿದ್ದರಂತೆ. ಅದು ಮೈಗೆ ಇಳಿಯುತ್ತಲೇ ಕಾಟು ಅಲುಗಾಡುವಂಥ ನಡುಕ. ಮೂತ್ರಪಿಂಡಕ್ಕೆ ಪೆಟ್ಟು ಬೀಳದಂತೆ ದಿನಾ ರಕ್ತ ನೋಡಬೇಕು. ಔಷಧ ಒಂದರಿಂದಲೇ ಇದು ಹೋಗುವುದಿಲ್ಲ ಎಂದು, ಸ್ವಲ್ಪ ಚೇತರಿಸಿಕೊಂಡ ಮೇಲೆ ಮುಂಬಯಿಗೆ ಒಯ್ದು ಬೂಷ್ಟು ಹಿಡಿದ ಕವಾಟ ತೆಗೆದು ಬೇರೆ ಹಾಕಿದರು. ಮಾಸ್ತರರು ಉಳಿದರು. ಎಡಗಾಲು ಮೊಣಕಾಲಿನ ಕೆಳಗೆ ಉಳಿಯಲಿಲ್ಲ.

ಆ ಕಾಲು ಹೋದದ್ದು ನನ್ನ ಒಂಬತ್ತು ದಿನದ ಸುಳ್ಳಿಗೆ. ಮೊದಲ ಎರಡು ಬಾಟಲಿಗಳಲ್ಲೂ ಅದೇ ಬೆಳೆದಿತ್ತು ಎಂಬುದು ಡಾಕ್ಟರರಿಗೆ ಕೊನೆಯ ತನಕ ಗೊತ್ತಾಗಲಿಲ್ಲ.

ಮೋಟಾರು ಮಿರಜಿಗೆ ಹೋದ ದಿನ ಮಧ್ಯಾಹ್ನವೇ ಬೇವಿನ ಬುಡ ಕೆದರಿದ್ದೆ. ಚೂರು ಸಿಗಬಾರದು ಎಂದು ಬಯಸಿದ್ದೆ. ಸಿಗದಿದ್ದರೆ ಯಾರೋ ತೆಗೆದು ಏನೋ ಮಾಡಿದ್ದಾರೆ ಎಂದಾದರೂ ಅಂದುಕೊಳ್ಳಬಹುದಿತ್ತು. ಕಾಗದ ಗೆದ್ದಲು ತಿಂದಿತ್ತು. ಚೂರುಗಳೆಲ್ಲ ಇದ್ದವು. ತಳದ ಚೂರಿನ ಮೇಲೆ ಒಂಬತ್ತು, ಅಂಚಿನ ತನಕ ಬಾಲ.

ನಾನು ಸಂಶಯ ಪಡದವರಿಲ್ಲ. ಮೊಸರಿನ ಸಿಸ್ಟರ್ ಮೇಲೆ ಪಟ್ಟೆ. ಅವರು ಆ ವಾರ ರಜೆಯಲ್ಲಿದ್ದರು. ಡಾಕ್ಟರರೇ ನನ್ನನ್ನು ಪರೀಕ್ಷಿಸಲು ಇಟ್ಟರೇ ಎಂದುಕೊಂಡೆ. ಅವರು ಬಾಟಲಿ ನೋಡಿ ಬೆಚ್ಚಿದ್ದನ್ನು ನಾನೇ ಕಂಡಿದ್ದೆ. ಕೊನೆಗೆ ನನ್ನ ಮೇಲೆಯೇ ಪಟ್ಟೆ. ಮನಸ್ಸಾಕ್ಷಿಗೆ ಹೆದರಿ ಮೂರನೇ ಸಲ ರಕ್ತ ತೆಗೆದು ಮರೆತೆನೇ? ದಾಖಲೆ ಪುಸ್ತಕದಲ್ಲಿ ಎರಡೇ ಸಲ ಇತ್ತು. ಮಾಸ್ತರರ ಹೆಂಡತಿಯನ್ನೂ ಮುಂದೆ ಕೇಳಿದೆ. "ಎರಡ ಸಲ ತಗೊಂಡ್ರಿ, ನಾ ಬಾಜೂಕ ಇದ್ನಲ್ಲ" ಎಂದರು. ಹೆಬ್ಬೆಟ್ಟು ಒತ್ತುವ ಹೆಣ್ಣುಮಗಳು ನನ್ನ ಅಕ್ಷರ ಬರೆಯಲಾರಳು. ಮಿರಜಿಗೆ ಹೋದ ಬಾಟಲಿ ಮರಳಿ ಬರಲಿಲ್ಲ. ಎರಡು ಸಲ ಕೇಳಿ ಬರೆಸಿದೆ. ಅಂಥದ್ದು ಸಿಗಲಿಲ್ಲ ಎಂದು ಉತ್ತರ ಬಂತು.

ವರ್ಷದ ನಂತರ ಮಾಸ್ತರರು ಊರುಗೋಲು ಹಿಡಿದು ದವಾಖಾನೆಗೆ ಬಂದರು. ಪೇಡೆ ತಂದಿದ್ದರು. "ನಿಮ್ಮ ಬಾಟಲಿ ನನ್ನ ಜೀವಾ ಉಳಿಸ್ತು ಅಂತ ಸಾಹೇಬ್ರ ಹೇಳಿದ್ರು" ಎಂದು ನನ್ನ ಕೈ ಹಿಡಿದರು. ಆಮೇಲೆ ಮುಂದಕ್ಕೆ ಬಾಗಿ, "ಕೇಳ್ರಿ, ಮತ್ತ ಶುರು ಆಗೇತಿ" ಎಂದರು. ಕೇಳಿದೆ. ಟಿಕ್ ಟಿಕ್ ಎಂದು ಸ್ವಚ್ಛವಾಗಿ ಕೇಳುತ್ತಿತ್ತು. ಪೇಡೆಯನ್ನು ವಾರ್ಡಿನವರಿಗೆ ಹಂಚಿಬಿಟ್ಟೆ.

ಇನ್ನೂ ಕೆಲವು ವರ್ಷ ಬಿಟ್ಟು, ಒಂದು ಭಾನುವಾರ ಬನಹಟ್ಟಿಗೆ ಹೋದೆ. ಎಲ್ಲವನ್ನೂ ಹೇಳಿ ಆಕೆಯ ಕಾಲು ಹಿಡಿಯಬೇಕೆಂದೇ ಹೋಗಿದ್ದೆ. ಓಣಿಯಲ್ಲಿ ವಿದ್ಯುತ್ ಮಗ್ಗಗಳ ಸಪ್ಪಳಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆಕೆ ಕಟ್ಟೆಯ ಮೇಲೆ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ತಲೆ ನೆರೆತಿತ್ತು. ನನ್ನನ್ನು ಕೂಡಲೇ ಗುರುತಿಸಿದಳು.

"ಬರ್ರಿ ಅಣ್ಣಾರ, ಕುಂಡರ್ರಿ. ಏನ ದಾರಿ ತಪ್ಪಿತೇನ?" ಎಂದು ನೀರು ತಂದುಕೊಟ್ಟಳು.

ಕುಡಿದೆ. ಬಾಯಿ ತೆರೆದೆ. "ಮಗಳಿಗೊಂದ ಸೀರಿ ನೋಡಾಕ ಬಂದಿದ್ನಿ" ಎಂದುಬಿಟ್ಟೆ.

ಆಕೆ ಒಳಗೆ ಹೋಗಿ ನಾಲ್ಕಾರು ಸೀರೆ ತಂದು ಹರವಿದಳು. ಯಾವುದು ಗಟ್ಟಿ, ಯಾವುದರ ಬಣ್ಣ ಬಿಡುತ್ತದೆ ಎಂದು ಹೇಳಿದಳು. ಬಣ್ಣ ಬಿಡುವುದನ್ನು ತಾನೇ ಪಕ್ಕಕ್ಕೆ ಸರಿಸಿದಳು. ನಾನು ಒಂದನ್ನು ಆರಿಸಿಕೊಂಡೆ. ಅದನ್ನು ಮಡಚಿ ಕೊಡುವಾಗ ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿದಳು.

"ಗಾಯ ಮಾಯ್ದೇತಿಲ್ರಿ?" ಎಂದಳು.

"ಮಾಯ್ದೇತಿ" ಎಂದೆ.

"ಛಲೋ ಆತು" ಎಂದು ಮತ್ತೆ ನೂಲು ಸುತ್ತಲು ಕೂತಳು. ನಾನು ಬಸ್ಸು ಹಿಡಿದೆ. ಮುಂದಿನ ಸಲ ಹೋಗುವಷ್ಟರಲ್ಲಿ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಆಕೆ ತೀರಿಕೊಂಡು ಎಂಟು ತಿಂಗಳಾಗಿತ್ತು.

ತಳದ ಚೂರು ಇನ್ನೂ ನನ್ನ ಟ್ರಂಕಿನಲ್ಲಿದೆ. ಒಂದೇ ಬಾಟಲಿ ಮಣ್ಣಿನಲ್ಲಿ ಚೂರಾಗಿಯೂ ಪೆಟ್ಟಿಗೆಯಲ್ಲಿ ಇಡಿಯಾಗಿಯೂ ಹೇಗಿತ್ತು ಎಂದು ಯೋಚಿಸಿ ಯೋಚಿಸಿ ಸೋತಿದ್ದೇನೆ. ಓದಿದವರು ಯಾರಿಗಾದರೂ ತಿಳಿದರೆ ಅವರು ನನಗಿಂತ ಜಾಣರು. ನನಗೆ ಗೊತ್ತಿರುವುದು ಒಂದೇ. ಆ ಬೆಳಿಗ್ಗೆ ಬಾಟಲಿ ಹಿಡಿದು ನಿಂತಾಗ, ಅದು ಒಡೆದದ್ದು ಖರೇ ಎಂದು ಬಲ್ಲವರು ಆ ಕೋಣೆಯಲ್ಲಿ ಇಬ್ಬರಿದ್ದೆವು. ಒಬ್ಬರು ಹೇಳಿದರು. ಇಷ್ಟು ಬರೆದರೂ ಅವರ ಹೆಸರು ಬರೆಯಲು ನನ್ನ ಕೈ ಹಿಂದೆಗೆಯುತ್ತಲೇ ಇತ್ತು. ಹಾಜರಿ ಪುಸ್ತಕದಲ್ಲಿ ಆ ಹೆಬ್ಬೆಟ್ಟಿನ ಪಕ್ಕ ದಿನಾ ನಾನೇ ಬರೆಯುತ್ತಿದ್ದ ಹೆಸರು ಅದು: ಕಾಶವ್ವ.